ಪುಶ್‌ರಾಡ್‌ಗೆ ರಾಡ್-ಎಂಡ್ ಕೂರಿಸುವಾಗ

ವಿಮಾನದ ಏಲಿರಾನ್ (ರೆಕ್ಕೆಯ ಹಿಂದಂಚಿನ ಚಲಿಸುವ ಪಟ್ಟಿ) ಅಥವಾ ಎಲಿವೇಟರ್ (ಬಾಲದ ಚಲಿಸುವ ಪಟ್ಟಿ) ಅಲ್ಲಾಡಿಸುವ ಪುಶ್‌ರಾಡ್‌ನ ಉದ್ದ ಹೊಂದಿಸಲು ಒಂದೇ ತುದಿಯ ರಾಡ್-ಎಂಡ್ (ರಾಡ್‌ಗೆ ಥ್ರೆಡ್‌ನಿಂದ ಕೂರುವ, ಗುಂಡು ಬೇರಿಂಗ್ ಇರುವ ತುಂಡು) ಬಿಚ್ಚುತ್ತಾ ಹೋಗಬೇಡಿ, ಎರಡೂ ತುದಿಗೆ ಹಂಚಿ. ಇಲ್ಲದಿದ್ದರೆ ಒಂದು ಕಡೆ ಮೂರ್ನಾಲ್ಕು ಸುತ್ತಿನ ಹಿಡಿತವಷ್ಟೇ ಉಳಿಯಬಹುದು, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ತುದಿಯಲ್ಲಿ ತಪಾಸಣೆಯ ತೂತಿದ್ದರೆ ತೆಳು ತಂತಿ ತೂರಿಸಿ ನೋಡಿ. ತಂತಿ ಥ್ರೆಡ್‌ಗೆ ತಡೆಯಬೇಕು. ಸಲೀಸಾಗಿ ಒಳಗೆ ಹೋಯಿತೆಂದರೆ ರಾಡ್-ಎಂಡ್ ಇನ್ನೂ ಒಳಗಿಳಿಯಬೇಕು.

ಹೆಚ್ಚಿನವರು ಎಡವುವುದು ಜ್ಯಾಮ್ ನಟ್‌ನಲ್ಲಿ (ರಾಡ್-ಎಂಡ್ ತಿರುಗದಂತೆ ರಾಡ್‌ಗೆ ಒತ್ತಿ ಬಿಗಿಯುವ ನಟ್). ನಟ್ ಬಿಗಿಯುವಾಗ ರಾಡ್-ಎಂಡ್ ಕೂಡ ಜೊತೆಗೇ ತಿರುಗಿ ಓರೆಯಾಗುತ್ತದೆ. ಅದನ್ನು ಇನ್ನೊಂದು ಸ್ಪ್ಯಾನರ್‌ನಲ್ಲಿ ಹಿಡಿದುಕೊಂಡೇ ಬಿಗಿಯಿರಿ (ಬೇರಿಂಗ್ ಗುಂಡಿನೊಳಗೆ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸುವ ಚಾಳಿ ಬೇಡ, ಬೇರಿಂಗ್ ಹಾಳು). ಆಮೇಲೆ ರಾಡನ್ನು ಕೈಯಲ್ಲಿ ತಿರುಚಿ: ಎರಡೂ ದಿಕ್ಕಿಗೆ ಸಮನಾಗಿ ತುಸು ಹೊರಳಬೇಕು. ಒಂದೇ ಕಡೆ ಹೊರಳಿದರೆ ಎರಡು ತುದಿಗಳು ಸಾಲಿನಲ್ಲಿಲ್ಲ, ಸಡಿಲಿಸಿ ಮತ್ತೆ ಮಾಡಿ. ಸರಿಯಾದ ಮೇಲೆ ನಟ್‌ಗೂ ರಾಡ್‌ಗೂ ಸೇರಿಸಿ ಬಣ್ಣದ ಗೆರೆ ಎಳೆಯಿರಿ.

ರಾಡ್-ಎಂಡ್ ಕವಲಿನ ನಡುವೆ ಇರದೆ, ಅದು ತಳ್ಳುವ ತೋಳಿನ ಒಂದೇ ಬದಿಗೆ ಬರುವಲ್ಲಿ ಹೊರಗಡೆ ಎಎನ್970 (ಭಾಗದ ಸಂಖ್ಯೆ) ಅಗಲ ವಾಷರ್ ಹಾಕಿ. ಗುಂಡು ಕಳಚಿದರೂ ರಾಡ್ ಜಾರಿ ಬೀಳುವುದಿಲ್ಲ. ಬೋಲ್ಟ್ ತಿರುಗುವ ಜಾಗದಲ್ಲಿ ನೈಲಾನ್ ಲಾಕ್‌ನಟ್ ಸಲ್ಲ. ಕ್ಯಾಸಲ್ ನಟ್ (ಮೇಲೆ ಸೀಳುಗಳಿರುವ ನಟ್), ಆ ಸೀಳಿನಲ್ಲಿ ತೂರಿ ಮಡಚುವ ಕಾಟರ್ ಪಿನ್ನೇ ಆಗಬೇಕು.

ಕೊನೆಗೆ ಪೈಲಟ್ ಹಿಡಿಯುವ ಸ್ಟಿಕ್ಕನ್ನು ನಾಲ್ಕೂ ಮೂಲೆಗೆ ಪೂರ್ತಿ ಒಯ್ದು ನೋಡಿ. ಉಜ್ಜಾಟ ಸಾಮಾನ್ಯವಾಗಿ ಮೂಲೆಯಲ್ಲೇ ಸಿಗುತ್ತದೆ. ರೆಕ್ಕೆಯ ಫ್ಲಾಪ್ ಇಳಿಸಿ ಇನ್ನೊಮ್ಮೆ ನೋಡಿ.