ಆಣ್ವಿಕ ಜೀವವಿಜ್ಞಾನದಲ್ಲಿ ಪಿಎಚ್.ಡಿ.ಗೆ ಸಿದ್ಧರಾಗುವ ಬಗೆ

ಬಿ.ಎಸ್‌ಸಿ. ವಿದ್ಯಾರ್ಥಿಗಳು ಮೊದಲು ವಿಚಾರಿಸುವುದು ಪ್ರವೇಶ ಪರೀಕ್ಷೆಗಳ ಬಗ್ಗೆ. ಎಂ.ಎಸ್‌ಸಿ.ಗೆ ಐಐಟಿಗಳ ಜ್ಯಾಮ್ ಅಥವಾ ಗ್ಯಾಟ್-ಬಿ, ಪಿಎಚ್.ಡಿ.ಗೆ ಗೇಟ್, ಸಿಎಸ್‌ಐಆರ್-ಯುಜಿಸಿ ನೆಟ್ ಮತ್ತು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಸೇರಲು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ನಡೆಸುವ ಪರೀಕ್ಷೆ ಇವೆ. ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ದೊರೆತರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಈ ದರ 2023ರ ಜನವರಿಯಿಂದ ಜಾರಿಯಲ್ಲಿದೆ.

ಆದರೆ ಸಂದರ್ಶನದಲ್ಲಿ ತೂಕ ಬರುವುದು ನೀವೇ ಕೈಯಾರೆ ಮಾಡಿದ ಪ್ರಯೋಗಕ್ಕೆ. ಆದ್ದರಿಂದ ಎರಡನೇ ವರ್ಷದಲ್ಲಿಯೇ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ನೀಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ. ಪ್ರಯೋಗಾಲಯದ ಮುಖ್ಯಸ್ಥರಿಗೆ ನೇರವಾಗಿ ಪತ್ರ ಬರೆಯುವುದಾದರೆ, ಅವರ ಒಂದು ಪ್ರಬಂಧವನ್ನಾದರೂ ಚಿತ್ರಗಳ ಸಮೇತ ಪೂರ್ತಿ ಓದಿ, ಅದರಲ್ಲಿ ನಿಮಗೆ ಬಗೆಹರಿಯದೆ ಉಳಿದ ಒಂದು ಅಂಶವನ್ನು ಪತ್ರದಲ್ಲಿ ಕೇಳಿ.

ಅಲ್ಲಿ ಸೇರಿದ ಮೇಲೆ ಪಿಸಿಆರ್‌ನಂಥ (ಡಿಎನ್‌ಎಯ ಒಂದು ತುಣುಕಿನ ಅಸಂಖ್ಯ ಪ್ರತಿಗಳನ್ನು ಮಾಡುವ ವಿಧಾನ) ಸರಳ ಕೆಲಸವನ್ನೂ ಹಗುರವಾಗಿ ಕಾಣಬೇಡಿ. ಪ್ರತಿ ಸಲವೂ ಡಿಎನ್‌ಎ ಹಾಕದ ಒಂದು ನಳಿಕೆಯನ್ನು ಜೊತೆಗಿಡಿ. ಡಿಎನ್‌ಎ ತುಣುಕುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಅದರಲ್ಲಿಯೂ ಮಿಕ್ಕವುಗಳದೇ ಪಟ್ಟಿ ಮೂಡಿದರೆ ಎಲ್ಲೋ ಡಿಎನ್‌ಎ ಬೆರಕೆಯಾಗಿದೆ ಎಂದರ್ಥ, ಮಿಕ್ಕ ನಳಿಕೆಗಳ ಫಲಿತಾಂಶವನ್ನು ಆಗ ನಂಬುವಂತಿಲ್ಲ. ಬಳಸಿದ ಪ್ರೈಮರ್ (ನಕಲು ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಚಿಕ್ಕ ಡಿಎನ್‌ಎ ತುಣುಕು), ಉಷ್ಣಾಂಶ ಮತ್ತು ದಿನಾಂಕಗಳನ್ನು ಅಂದಂದೇ ಪುಸ್ತಕದಲ್ಲಿ ಬರೆಯಿರಿ, ವಿಫಲವಾದ ದಿನ ಇನ್ನಷ್ಟು ವಿವರವಾಗಿ ಬರೆಯಿರಿ.

ಸಂಶೋಧನಾಸಕ್ತಿ ಯಾವುದೆಂದು ಕೇಳಿದಾಗ ‘ಕ್ರಿಸ್ಪರ್’ ಎಂದುಬಿಡುವವರು ಬಹಳ. ಕ್ರಿಸ್ಪರ್ ಡಿಎನ್‌ಎಯನ್ನು ಬೇಕಾದ ಕಡೆ ಕತ್ತರಿಸಿ ತಿದ್ದುವ ಒಂದು ಸಾಧನ ಮಾತ್ರ. ಆಸಕ್ತಿ ಎಂದರೆ ಆ ಸಾಧನದಿಂದ ಬಿಡಿಸಬೇಕೆಂದಿರುವ ಪ್ರಶ್ನೆ. ಎನ್‌ಸಿಬಿಎಸ್ ಕಟ್ಟಿದ ಒಬೈದ್ ಸಿದ್ದಿಕಿಯವರು ಗೋಧಿಯಿಂದ ಆರಂಭಿಸಿ, ಗ್ಲಾಸ್ಗೋದಲ್ಲಿ ಶಿಲೀಂಧ್ರ, ಅನಂತರ ಬ್ಯಾಕ್ಟೀರಿಯಾ, ಕೊನೆಗೆ ಹಣ್ಣಿನ ನೊಣ ಹೀಗೆ ಜೀವಿಯನ್ನು ಬದಲಿಸುತ್ತಲೇ ಹೋದರೂ ತಳಿಶಾಸ್ತ್ರವನ್ನು ಬಿಡಲಿಲ್ಲ. ಅಮೆರಿಕದ ತಳಿವಿಜ್ಞಾನಿ ಸೀಮೋರ್ ಬೆಂಜರ್ ಅವರೊಡನೆ ಅವರು ಗುರುತಿಸಿದ ನೊಣಗಳು ಬಿಸಿ ಹೆಚ್ಚಾದಾಗ ಚಲನೆ ಕಳೆದುಕೊಂಡು ಬೀಳುತ್ತಿದ್ದವು, ತಂಪಾದಾಗ ಚೇತರಿಸಿಕೊಳ್ಳುತ್ತಿದ್ದವು. ವಂಶವಾಹಿಯಲ್ಲಿನ ಒಂದು ಬದಲಾವಣೆ ನರಗಳ ಕೆಲಸವನ್ನು ಹೇಗೆ ತಡೆಯುತ್ತದೆ ಎಂದು ಕೇಳಲು ಅಂಥ ನೊಣ ದಾರಿ ಮಾಡಿಕೊಡುತ್ತದೆ. ಎಳೆಯ ಸಂಶೋಧಕರು ಕಲಿಯಬೇಕಾದ್ದು ಈ ಬಗೆಯ ಪ್ರಶ್ನೆ ಕೇಳುವುದನ್ನು ಎಂದು ನಾನು ದೃಢವಾಗಿ ನಂಬಿದ್ದೇನೆ.

ಅರ್ಜಿಯ ಜೊತೆಗಿನ ಉದ್ದೇಶ ಪತ್ರದಲ್ಲಿ ಬಾಲ್ಯದಿಂದಲೂ ವಿಜ್ಞಾನ ಇಷ್ಟ ಎಂಬ ಪೀಠಿಕೆ ಬೇಡ. ನಿಮ್ಮ ಪ್ರಶ್ನೆಯನ್ನು ಎರಡು ವಾಕ್ಯಗಳಲ್ಲಿ ಬರೆದು, ಅದಕ್ಕೆ ನೀವು ಊಹಿಸಿರುವ ಉತ್ತರ ತಪ್ಪೆಂದು ಯಾವ ಪ್ರಯೋಗ ತೋರಿಸಬಲ್ಲದು ಎಂಬುದನ್ನು ಮೂರನೆಯದರಲ್ಲಿ ತಿಳಿಸಿ.