ಆರು ಸಿಲಿಂಡರ್ ಡೀಸಲ್ ಗಾಡಿಗೆ ಟರ್ಬೋ ಬದ್ಲಿ ಮಾಡೋಕಿಂತ ಮುಂಚೆ ಏನೇನ್ ನೋಡ್ಬೇಕು

ಹುಬ್ಬಳ್ಳ್ಯಾಗ ಗಬ್ಬೂರ್ ಬೈಪಾಸ್ ಕಡೆ ಗಾಡಿ ನಿಲ್ಸಿ ಪಿಕಪ್ ಇಲ್ಲ, ಹೊಗಿ ಬರಾಕತ್ತೈತಿ ಅಂದ್ರ ಸಾಕು, ಟರ್ಬೋ (ಇಂಜಿನ್ ಹೊಗಿ ಜೋರಿಗೆ ತಿರುಗಿ ಒಳಗ ಗಾಳಿ ತುಂಬೋ ರೆಕ್ಕೆ ಚಕ್ರ) ಹೋಗೈತಿ ಬದ್ಲಿ ಮಾಡ್ರಿ ಅಂತಾರ. ಆದ್ರ ಟರ್ಬೋ ತಾನಾಗೇ ಹೋಗೋದು ಭಾಳ ಕಮ್ಮಿರಿ, ಆಯಿಲ್ ತೊಂದ್ರಿ ಇಲ್ಲಾಂದ್ರ ಧೂಳು ಅದನ್ನ ಕೊಂದಿರ್ತೈತಿ, ಆ ಕಾರಣ ಹುಡುಕದ ಹೊಸಾದು ಹಾಕಿದ್ರ ಅದೂ ಹೋಗ್ತೈತಿ.

ಮೊದ್ಲ ಇಂಜಿನ್ ಹೆಂಗ ಕಟ್ಟ್ಯಾರ ಅನ್ನೋದು ತಿಳ್ಕೊಳ್ರಿ. ಸಾಲಾಗಿರೋ ಆರು ಸಿಲಿಂಡರ್‌ನ್ಯಾಗ ಕ್ರ್ಯಾಂಕ್ 120 ಡಿಗ್ರಿ ತಿರುಗಿದಾಗೊಮ್ಮೆ ಒಂದು ಫೈರ್ ಆಗ್ತೈತಿ, ಆರ್ಡರ್ 1-5-3-6-2-4. ಸರಿಯಾಗಿ ನೋಡ್ರಿ, ಮುಂದಿನ ಮೂರ್‌ರಾಗ ಒಂದು, ಹಿಂದಿನ ಮೂರ್‌ರಾಗ ಒಂದು, ಹಿಂಗ ಪಾಳಿ ಮ್ಯಾಲ ಬರ್ತಾವ. ಅದಕ್ಕ ಭಾಳಷ್ಟು ಇಂಜಿನ್‌ನ್ಯಾಗ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗಿ ಕೂಡಿಸಿ ಹೊರಗ ಒಯ್ಯೋ ಪೈಪ್) ಎರಡು ಭಾಗ ಮಾಡಿ ಟರ್ಬೋಕ್ಕ ಎರಡು ಬಾಯಿ ಕೊಟ್ಟಿರ್ತಾರ, ಒಂದು ಸಿಲಿಂಡರಿನ ಹೊಡ್ತ ಇನ್ನೊಂದಕ್ಕ ಅಡ್ಡ ಬರೂದಿಲ್ಲ, ಕಮ್ಮಿ ಆರ್‌ಪಿಎಂನ್ಯಾಗೂ ಟರ್ಬೋ ಬೇಗ ಎದ್ದು ನಿಲ್ತೈತಿ. ಈ ಕಡೆ ಗ್ಯಾಸ್ಕೆಟ್ ಸೀಳಿದ್ರ ಪಿಕಪ್ ಹೋದಂಗ, ಹಂಗಾಗಿ ಮ್ಯಾನಿಫೋಲ್ಡ್ ಜಾಯಿಂಟ್ ಸುತ್ತ ಕರಿ ಮಸಿ ಐತೇನು ಅಂತ ಮೊದ್ಲ ಅದನ್ನ ನೋಡ್ರಿ.

ಆಮ್ಯಾಲ ಇಂಟರ್‌ಕೂಲರ್ ಪೈಪ್, ಅಂದ್ರ ಟರ್ಬೋದ ಬಿಸಿ ಗಾಳಿ ತಣ್ಣಗ ಮಾಡೋ ಜಾಲಿಗೆ ಹೋಗಿ ಬರೋ ಪೈಪ್. ಇಂಜಿನ್ ಚಾಲೂ ಇಟ್ಟು ಹೋಸ್ ಜಾಯಿಂಟ್‌ಗೆ ಸಾಬಾನ್ ನೀರು ಹಾಕ್ರಿ, ಒಬ್ರು ಸ್ವಲ್ಪ ರೇಸ್ ಕೊಡ್ಲಿ, ಗುಳ್ಳಿ ಎದ್ರ ಗಾಳಿ ಲೀಕ್. ಕರಿ ಹೊಗಿ ಇದ್ರಿಂದ ಇಲ್ಲಾ ಕಟ್ಟಿದ ಏರ್ ಕ್ಲೀನರ್‌ದಿಂದ ಬರೋದೇ ಜಾಸ್ತಿ.

ಇನ್ನ ಟರ್ಬೋ. ಇಂಜಿನ್ ಬಂದ್ ಮಾಡಿ ಪೂರ್ತಿ ತಣ್ಣಗಾದ ಮ್ಯಾಲ ಏರ್ ಕ್ಲೀನರ್ ಕಡೆ ಪೈಪ್ ಬಿಚ್ಚಿ ಟಾರ್ಚ್ ಹಾಕ್ರಿ. ರೆಕ್ಕೆ ತುದಿ ಸವೆದು ಬೋಳಾಗಿದ್ರ ಧೂಳು ಹೊಕ್ಕೈತಿ, ಮೊದ್ಲ ಆ ಪೈಪಿನ ತೂತ ಹುಡುಕ್ರಿ. ಶಾಫ್ಟ್ ಹಿಡಿದು ಅಲ್ಲಾಡಿಸ್ರಿ, ಅಡ್ಡಕ್ಕ ಸ್ವಲ್ಪ ಆಟ ಇರೋದು ಸಹಜ, ಯಾಕಂದ್ರ ಬುಷ್ ಆಯಿಲ್ ಮ್ಯಾಲ ತೇಲೋ ಹಂಗ ಮಾಡಿರ್ತಾರ, ಆದ್ರ ರೆಕ್ಕೆ ಗೋಡೆಗೆ ತಾಗಬಾರ್ದು, ಮುಂದ ಹಿಂದ ಎಳೆದಾಗಂತೂ ಕೈಗೆ ಆಟ ಸಿಗಬಾರ್ದು. ನೀಲಿ ಹೊಗಿ ಇದ್ರೂ ಅವಸರ ಬ್ಯಾಡ, ಆಯಿಲ್ ವಾಪಸ್ ಹೋಗೋ ಪೈಪ್ ಇಲ್ಲಾ ಬ್ರೀದರ್ (ಇಂಜಿನ್ ಒಳಗಿನ ಗಾಳಿ ಹೊರಗ ಬಿಡೋ ಪೈಪ್) ಕಟ್ಟಿದ್ರ ಚಲೋ ಟರ್ಬೋನೂ ಆಯಿಲ್ ಕಾರ್ತೈತಿ. ಇದು ತಿಳೀದೇ ಎಷ್ಟು ಮಂದಿ ರೊಕ್ಕಾ ಹಾಳ ಮಾಡ್ಕೊಂಡಾರ, ನೋಡಿದ್ರ ಹೊಟ್ಟಿ ಉರೀತೈತಿ.

ಹೊಸಾದು ಹಾಕ್ಲೇಬೇಕಂದ್ರ ಆಯಿಲ್, ಫಿಲ್ಟರ್ ಎರಡೂ ಬದ್ಲಿ ಮಾಡ್ರಿ. ಟರ್ಬೋದ ಆಯಿಲ್ ತೂತಿಗೆ ಹೊಸ ಆಯಿಲ್ ಹಾಕಿ ಶಾಫ್ಟ್ ಕೈಲೆ ತಿರುಗಿಸ್ರಿ, ಡೀಸಲ್ ಬಂದ್ ಇಟ್ಟು ಸ್ವಲ್ಪ ಸ್ವಲ್ಪ ಸೆಲ್ಫ್ ಹೊಡಿರಿ, ಪ್ರೆಶರ್ ಬಂದ ಮ್ಯಾಲ ಸ್ಟಾರ್ಟ್ ಮಾಡ್ರಿ. ಆಯಿಲ್ ಪೈಪಿನ ಫ್ಲ್ಯಾಂಜ್‌ಗೆ ಪೇಸ್ಟ್ ಹಚ್ಚಬ್ಯಾಡ್ರಿ, ತುಣುಕು ಕಿತ್ತು ತೂತ ಕಟ್ತೈತಿ.

ಡ್ರೈವರ್ ಅಣ್ಣಾರ ಕೆಲ್ಸನೂ ಐತಿ. ಅಂಕೋಲಾ ಕಡಿಂದ ಲೋಡ್ ಹಾಕ್ಕೊಂಡು ಅರಬೈಲ್ ಘಾಟ್ ಹತ್ತಿ ಬಂದು ಚಹಾಕ್ಕ ನಿಲ್ಸಿದ ಕೂಡ್ಲೇ ಚಾವಿ ತಿರುಗಿಸ್ಬ್ಯಾಡ್ರಿ, ಆಗ ಟರ್ಬೋ ಬೆಂಕಿಯಂಗ ಕಾದಿರ್ತೈತಿ, ಆಯಿಲ್ ನಿಂತ್ರ ಒಳಗ ಸುಟ್ಟು ಕರಕಾಗ್ತೈತಿ. ಎರಡ್ಮೂರು ನಿಮಿಷ ಐಡಲ್ ಬಿಟ್ಟು ಆಮ್ಯಾಲ ಬಂದ್ ಮಾಡ್ರಿ, ಮುಂಜಾನೆ ಸ್ಟಾರ್ಟ್ ಮಾಡಿದಾಗೂ ಆಯಿಲ್ ಪ್ರೆಶರ್ ಬರೋಮಟ ರೇಸ್ ಕೊಡಬ್ಯಾಡ್ರಿ.