ಹಳೆ ಕ್ರೂಸರ್‌ನ ಮುಂದಿನ ಬ್ರೇಕ್: ಉಪ್ಪುಗಾಳಿಗೂ ಘಟ್ಟಕ್ಕೂ ತಡೆಯುವ ಹಾಗೆ

ಅವೆಂಜರ್, ಥಂಡರ್‌ಬರ್ಡ್ ತರಹದ ಹಳೆ ಕ್ರೂಸರ್ ಬೈಕಿನಲ್ಲಿ ಮುಂದಿನ ಬ್ರೇಕ್ ಹಿಡಿಯುತ್ತಿಲ್ಲ ಎಂದಾಗ ಹೆಚ್ಚಿನವರು ಮೊದಲು ಹುಡುಕುವುದು ದೊಡ್ಡ ಡಿಸ್ಕ್. ಅದನ್ನು ಕೊನೆಗಿಡಿ. 260 ಮಿ.ಮೀ. ಡಿಸ್ಕ್ ತೆಗೆದು 280ರದ್ದು ಹಾಕಿದರೆ ಪ್ಯಾಡ್ ಕಚ್ಚುವ ಜಾಗ ಚಕ್ರದ ನಡುವಿನಿಂದ 10 ಮಿ.ಮೀ. ಆಚೆ ಸರಿಯುತ್ತದೆ, ಹಿಡಿತ ಹೆಚ್ಚುವುದು ನೂರಕ್ಕೆ ಎಂಟೊಂಬತ್ತು ಪಾಲು ಮಾತ್ರ. ಕಾರವಾರ, ಅಂಕೋಲಾ, ಕುಮಟಾದ ಕಡಲ ಗಾಳಿಯಲ್ಲಿ ಹತ್ತು ವರ್ಷ ನಿಂತ ಗಾಡಿಯ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಮತ್ತು ಬ್ರೇಕ್ ಆಯಿಲ್ ಹರಿಯುವ ಹೋಸ್ ಪೈಪಿನಲ್ಲಿ ಅದಕ್ಕಿಂತ ಹೆಚ್ಚು ಹಿಡಿತ ಸೋರಿಹೋಗಿರುತ್ತದೆ. ಮೊದಲು ಅದನ್ನು ವಾಪಸು ಪಡೆಯಬೇಕು, ಆಮೇಲೆ ಮೇಲ್ದರ್ಜೆಯ ಮಾತು.

ರೋಗ ಎಲ್ಲಿದೆ ಎಂದು ತಿಳಿಯಲು ಬಿಚ್ಚಬೇಕಾಗಿಲ್ಲ. ಒಂದು ಕೈಯಲ್ಲಿ ರಬ್ಬರ್ ಹೋಸನ್ನು ಮುಷ್ಟಿಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಲಿವರ್ ಜೋರಾಗಿ ಒತ್ತಿ. ಹೋಸ್ ಬೆರಳಿನಡಿ ಉಬ್ಬಿದ್ದು ಗೊತ್ತಾದರೆ ನಿಮ್ಮ ಕೈಬಲ ಅಲ್ಲೇ ವ್ಯಯವಾಗುತ್ತಿದೆ. ಮುಂದಿನ ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ಒತ್ತಿ ಬಿಡಿ. ಬಿಟ್ಟ ಮೇಲೂ ಚಕ್ರ ಬಿಗಿಯಾಗಿದ್ದರೆ ಹೆಚ್ಚಾಗಿ ಪ್ಯಾಡನ್ನು ತಳ್ಳುವ ಪಿಸ್ಟನ್ ಅಥವಾ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಜಾಮ್ ಆಗಿರುತ್ತದೆ. ಎರಡು ಪ್ಯಾಡುಗಳಲ್ಲಿ ಒಂದೇ ಸವೆದಿದ್ದರೂ ಅದೇ ಕಾರಣ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಕೆತ್ತಿರುತ್ತದೆ. ಅಂಚಿನಲ್ಲಿ ಸವೆಯದೆ ಉಳಿದ ಏಣು ಬಿಟ್ಟು, ಪ್ಯಾಡ್ ಓಡುವ ಜಾಗದಲ್ಲೇ ಅಳೆಯಿರಿ.

ತರಬೇಕಾದ ಸಾಮಾನು: ನಿಮ್ಮ ಮಾಡೆಲ್‌ನ ಕ್ಯಾಲಿಪರ್ ಸೀಲ್ ಕಿಟ್, ಮಾಸ್ಟರ್ ಸಿಲಿಂಡರ್ (ಲಿವರ್ ಬಳಿ ಆಯಿಲ್‌ಗೆ ಒತ್ತಡ ಕೊಡುವ ಭಾಗ) ಕಿಟ್, ಸ್ಟೀಲ್ ಹೆಣಿಗೆಯ ಹೋಸ್, ನಾಲ್ಕು ಹೊಸ ತಾಮ್ರದ ವಾಷರ್, ಒಂದು ಜೊತೆ ಪ್ಯಾಡ್, ಸೀಲ್ ಒಡೆಯದ ಡಾಟ್ 4 ಬ್ರೇಕ್ ಆಯಿಲ್ 250 ಮಿ.ಲೀ., ಸಿಲಿಕೋನ್ ಗ್ರೀಸ್, 50 ಮಿ.ಲೀ. ಸಿರಿಂಜ್, ಎರಡು ಅಡಿ ಪಾರದರ್ಶಕ ಪೈಪ್. ಹೋಸ್ ಆರ್ಡರ್ ಮಾಡುವ ಮುನ್ನ ಹೋಸಿನ ತುದಿಯ ಹಳೆ ಬೋಲ್ಟ್ ಬಿಚ್ಚಿ ನೋಡಿ, ಮತ್ತೆ ಹಾಕಿಡಿ. 10 ಮಿ.ಮೀ. ದಪ್ಪದ ಬೋಲ್ಟಿನಲ್ಲೇ 1.0 ಮತ್ತು 1.25 ಎಂದು ಎರಡು ಬಗೆಯ ಮರೆ (ಥ್ರೆಡ್) ಇರುತ್ತದೆ. ತಪ್ಪಿದ್ದನ್ನು ಬಲವಂತವಾಗಿ ತಿರುವಿದರೆ ಕ್ಯಾಲಿಪರಿನ ಅಲ್ಯೂಮಿನಿಯಂ ಮರೆ ಕಿತ್ತುಬರುತ್ತದೆ, ಆಮೇಲೆ ಕ್ಯಾಲಿಪರೇ ಹೊಸದು. ಹ್ಯಾಂಡಲ್ ಎತ್ತರಿಸಿದ್ದರೆ ಉದ್ದವನ್ನು ಹಳೆ ಹೋಸಿನಿಂದಲ್ಲ, ಗಾಡಿಯ ಮೇಲೆಯೇ ಅಳೆಯಿರಿ: ಮುಂದಿನ ಚಕ್ರ ನೆಲ ಬಿಟ್ಟು ಫೋರ್ಕ್ ಪೂರ್ತಿ ಇಳಿದಿರಬೇಕು, ಹ್ಯಾಂಡಲ್ ಎರಡೂ ಕಡೆ ಕೊನೆಯವರೆಗೆ ತಿರುಗಬೇಕು.

ಕ್ಯಾಲಿಪರ್ ಬಿಚ್ಚುವಾಗ ಹೋಸ್ ಮೊದಲೇ ತೆಗೆಯಬೇಡಿ. ಪ್ಯಾಡ್ ತೆಗೆದು, ಲಿವರ್ ನಿಧಾನವಾಗಿ ಒತ್ತುತ್ತಾ ಬ್ರೇಕ್ ಆಯಿಲ್‌ನ ಒತ್ತಡದಿಂದಲೇ ಪಿಸ್ಟನ್ ಹೊರಗೆ ತಳ್ಳಿ. ಜಾಮ್ ಆದ ಪಿಸ್ಟನ್‌ಗೆ ಇಷ್ಟು ನೇರವಾದ ಬಲ ಬೇರಾವುದೂ ಕೊಡುವುದಿಲ್ಲ. ಎರಡು ಪಿಸ್ಟನ್ ಇದ್ದರೆ ಸುಲಭವಾಗಿ ಬರುವುದನ್ನು ಕ್ಲಾಂಪ್ ಹಾಕಿ ತಡೆದು ಇನ್ನೊಂದನ್ನು ಮೊದಲು ಹೊರಡಿಸಿ. ಕೆಳಗೆ ತಟ್ಟೆ, ಟ್ಯಾಂಕಿನ ಮೇಲೆ ದಪ್ಪ ಬಟ್ಟೆ ಇರಲಿ. ಬ್ರೇಕ್ ಆಯಿಲ್ ಪೇಂಟನ್ನು ಎಬ್ಬಿಸುತ್ತದೆ, ಬಿದ್ದರೆ ಕೂಡಲೇ ನೀರು ಹುಯ್ಯಿರಿ.

ಈಗ ಹಳೆ ಸೀಲ್ ತೆಗೆದು, ಅದು ಕೂರುವ ಚಡಿಯನ್ನು ಟಾರ್ಚ್ ಹಿಡಿದು ನೋಡಿ. ಕರಾವಳಿ ಗಾಡಿಯ ನಿಜವಾದ ಕಾಯಿಲೆ ಇರುವುದು ಇಲ್ಲಿ. ಉಪ್ಪುನೀರು ಧೂಳು ತಡೆಯುವ ಸೀಲಿನ ಹಿಂದೆ ಸೇರಿ ಅಲ್ಯೂಮಿನಿಯಂ ಅನ್ನು ತಿಂದು, ಚಡಿಯ ತಳದಲ್ಲಿ ಸುಣ್ಣದಂತಹ ಬಿಳಿ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಅದು ಸೀಲನ್ನು ಹಿಂದಿನಿಂದ ಒತ್ತಿ ಪಿಸ್ಟನ್‌ಗೆ ಬಿಗಿಯುತ್ತದೆ. ಹೊಸ ಸೀಲ್ ಹಾಕಿಯೂ ಎರಡೇ ತಿಂಗಳಲ್ಲಿ ಮತ್ತೆ ಜಾಮ್ ಆಯಿತು ಎಂಬ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ: ಸೀಲ್ ಬದಲಾಗಿದೆ, ಚಡಿ ಕೆರೆದಿಲ್ಲ. ತುದಿ ಬಾಗಿಸಿದ ಹಿತ್ತಾಳೆಯ ಕಡ್ಡಿಯಿಂದ ಸುತ್ತಲೂ ಕೆರೆಯಿರಿ, ಗೋಡೆಗೆ ಗೀರು ಬೀಳದಿರಲಿ. ಪಿಸ್ಟನ್ ಮೇಲಿನ ಕ್ರೋಮ್ ಉಗುರಿಗೆ ತಾಗುವಷ್ಟು ಎದ್ದಿದ್ದರೆ ಉಜ್ಜಿ ಉಳಿಸುವ ಆಸೆ ಬೇಡ, ಹೊಸದು ಹಾಕಿ. ತೊಳೆಯಲು ಬ್ರೇಕ್ ಕ್ಲೀನರ್ ಅಥವಾ ಹೊಸ ಬ್ರೇಕ್ ಆಯಿಲ್ ಮಾತ್ರ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ತಾಗಿದ ರಬ್ಬರ್ ಉಬ್ಬುತ್ತದೆ. ಸೀಲಿಗೆ ಹೊಸ ಬ್ರೇಕ್ ಆಯಿಲ್ ಸವರಿ, ಪಿಸ್ಟನ್ನನ್ನು ಬೆರಳಿನಿಂದಲೇ ಒತ್ತಿ ಕೂರಿಸಿ. ಬೆರಳಿಗೆ ಬಗ್ಗದಿದ್ದರೆ ಚಡಿ ಇನ್ನೂ ಸ್ವಚ್ಛವಾಗಿಲ್ಲ ಎಂದರ್ಥ. ಸ್ಲೈಡ್ ಪಿನ್‌ಗೆ ಸಿಲಿಕೋನ್ ಗ್ರೀಸ್ ಹಾಕಿ.

ಮಾಸ್ಟರ್ ಸಿಲಿಂಡರ್ ಕಿಟ್ ಬದಲಿಸುವಾಗ ಅದರ ಆಯಿಲ್ ಡಬ್ಬಿಯ ತಳದ ಎರಡು ತೂತು ನೋಡಿ. ಸಣ್ಣದು ಒಂದು ಮಿ.ಮೀ.ಗಿಂತ ಕಿರಿದು, ಕೆಸರು ಕಟ್ಟುವುದು ಅದರಲ್ಲೇ. ಕಟ್ಟಿದರೆ ಒತ್ತಿದ ಆಯಿಲ್ ಪೂರ್ತಿ ಹಿಂದೆ ಬರದೆ ಬ್ರೇಕ್ ತನ್ನಷ್ಟಕ್ಕೇ ಹಿಡಿದುಕೊಳ್ಳುತ್ತದೆ. ವೈರಿನ ಒಂದೇ ಒಂದು ತಾಮ್ರದ ಎಳೆ ತೂರಿಸಿ ಬಿಡಿಸಿ. ದೊಡ್ಡ ಬೋರಿನ (ಒಳವ್ಯಾಸದ) ಮಾಸ್ಟರ್ ಸಿಲಿಂಡರ್ ಹಾಕಿದರೆ ಬ್ರೇಕ್ ಜೋರಾಗುತ್ತದೆ ಎಂಬುದು ತಪ್ಪು ತಿಳುವಳಿಕೆ. 12.7 ಮಿ.ಮೀ. ಬದಲು 14 ಹಾಕಿದರೆ ಲಿವರ್ ಗಟ್ಟಿಯಾಗಿ ಸಿಗುತ್ತದೆ, ಆದರೆ ಅದೇ ಹಿಡಿತಕ್ಕೆ ಕೈಬಲ ನೂರಕ್ಕೆ 21 ಪಾಲು ಹೆಚ್ಚು ಬೇಕು. ಮೊದಲಿದ್ದ ಅಳತೆಯನ್ನೇ ಇಟ್ಟುಕೊಳ್ಳಿ.

ಪ್ಯಾಡಿನಲ್ಲಿ ನಮ್ಮ ಆಯ್ಕೆ ಸಿಂಟರ್ಡ್, ಅಂದರೆ ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ಡಿಸ್ಕ್ ಒಣಗುವುದೇ ಅಪರೂಪವಾದ ಊರಿನಲ್ಲಿ ಒದ್ದೆಯಲ್ಲೂ ಕಚ್ಚುವ ಪ್ಯಾಡ್ ಬೇಕು. ಡಿಸ್ಕ್ ತುಸು ಬೇಗ ಸವೆಯುತ್ತದೆ, ಸವೆಯಲಿ.

ಹೋಸ್ ಕೂರಿಸುವಾಗ ಪ್ರತಿ ತುದಿಗೆ ಎರಡು ವಾಷರ್, ಆಚೆಗೊಂದು ಈಚೆಗೊಂದು, ಎಲ್ಲವೂ ಹೊಸವು. ಬೋಲ್ಟಿನ ಬಿಗಿ ಮ್ಯಾನುಯಲ್‌ನಲ್ಲಿದ್ದಷ್ಟೇ ಇರಲಿ. ಅಲ್ಯೂಮಿನಿಯಂ ಬೋಲ್ಟ್ ಆದರೆ ಇನ್ನೂ ಹಗುರವಾಗಿ, ಅದರ ತಯಾರಕರು ಹೇಳಿದಷ್ಟು. ಸ್ಟೀಲ್ ಹೆಣಿಗೆ ಬರಿದಾಗಿ ಟ್ಯಾಂಕಿಗೋ ಫೋರ್ಕಿಗೋ ತಾಗಿದರೆ ಗರಗಸದಂತೆ ಕೊರೆಯುತ್ತದೆ, ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ಕೊಳ್ಳಿ.

ಏರ್ (ಆಯಿಲ್ ದಾರಿಯಲ್ಲಿ ಸೇರಿದ ಗಾಳಿ) ತೆಗೆಯುವುದು ಕ್ರೂಸರ್‌ನಲ್ಲಿ ತಾಳ್ಮೆಯ ಕೆಲಸ. ಹ್ಯಾಂಡಲ್ ಹಿಂದಕ್ಕೆ ಬಾಗಿರುವುದರಿಂದ ಮಾಸ್ಟರ್ ಸಿಲಿಂಡರ್ ಓರೆಯಾಗಿ ಕೂತು, ಹೋಸ್ ಸೇರುವ ಬಾಯಲ್ಲೇ ಗಾಳಿ ಸಿಕ್ಕಿಕೊಳ್ಳುತ್ತದೆ. ಮೇಲಿನಿಂದ ಎಷ್ಟು ಪಂಪ್ ಮಾಡಿದರೂ ಅದು ಇಳಿಯದು. ಸಿರಿಂಜಿನಲ್ಲಿ ಆಯಿಲ್ ತುಂಬಿ, ಪೈಪಿನ ಗಾಳಿ ತೆಗೆದು, ಕ್ಯಾಲಿಪರಿನಲ್ಲಿ ಗಾಳಿ ಹೊರಬಿಡಲು ಇರುವ ನಿಪ್ಪಲ್ ಸಡಿಲಿಸಿ ಅಲ್ಲಿಂದ ಮೇಲಕ್ಕೆ ನಿಧಾನವಾಗಿ ಒತ್ತಿ. ಡಬ್ಬಿ ಉಕ್ಕದಂತೆ ಇನ್ನೊಬ್ಬರು ನೋಡುತ್ತಿರಲಿ. ಆಮೇಲೆ ಮಾಮೂಲಿನಂತೆ ಲಿವರ್ ಒತ್ತಿ, ನಿಪ್ಪಲ್ ಸಡಿಲಿಸಿ ಬಿಗಿಯುತ್ತಾ ಮೇಲಿನಿಂದ ಒಂದು ಸುತ್ತು. ಕೊನೆಗೆ ಹ್ಯಾಂಡಲ್ ತಿರುಗಿಸಿ ಮಾಸ್ಟರ್ ಸಿಲಿಂಡರ್ ಎಲ್ಲಕ್ಕಿಂತ ಮೇಲೆ ಬರುವಂತೆ ಮಾಡಿ, ಲಿವರ್ ಒತ್ತಿ ಕಟ್ಟಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮುಚ್ಚಳ ತೆಗೆದು ಲಿವರ್ ಸ್ವಲ್ಪವೇ ಒತ್ತಿದಾಗ ಆಯಿಲ್‌ನಲ್ಲಿ ಸಣ್ಣ ಬುಗ್ಗೆ ಎದ್ದರೆ ಆ ಕಿರಿ ತೂತು ತೆರೆದಿದೆ.

ಹೊಸ ಪ್ಯಾಡ್ ಕೂರಲು ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಇಳಿಸುವುದನ್ನು ಹದಿನೈದಿಪ್ಪತ್ತು ಸಲ ಮಾಡಿ, ನಡುನಡುವೆ ಒಂದು ನಿಮಿಷ ತಣಿಯಲು ಬಿಡಿ. ಬಿಸಿಯಿರುವಾಗ ಬ್ರೇಕ್ ಒತ್ತಿಕೊಂಡು ನಿಲ್ಲಬೇಡಿ. ಇಷ್ಟಾಗುವ ತನಕ ದೇವಿಮನೆಯನ್ನಾಗಲಿ ಅರಬೈಲ್ ಘಟ್ಟವನ್ನಾಗಲಿ ಇಳಿಯುವುದು ಬೇಡ.

ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿಯುತ್ತದೆ, ನೀರು ಹೀರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಘಟ್ಟದ ನಡುವೆ ಕುದಿದು ಆವಿಯಾದರೆ ಲಿವರ್ ಹ್ಯಾಂಡಲ್‌ಗೆ ತಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ನಮ್ಮ ಕಡಲತೀರದ ತೇವಕ್ಕೆ ಎರಡು ವರ್ಷ ಕಾಯದೆ, ಪ್ರತಿ ವರ್ಷ ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲಿ ಬದಲಿಸಿ. ಅದೇ ದಿನ ಸ್ಲೈಡ್ ಪಿನ್ ಬಿಚ್ಚಿ ಒರೆಸಿ ಗ್ರೀಸ್ ಹಾಕಿದರೆ ಹತ್ತು ನಿಮಿಷದ ಹೆಚ್ಚುವರಿ ಕೆಲಸ. ಉಳಿದ ಆಯಿಲ್ ಡಬ್ಬಿಯನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ, ಮುಚ್ಚಳ ತೆರೆದ ದಿನದಿಂದಲೇ ಅದು ನೀರು ಕುಡಿಯುತ್ತಿರುತ್ತದೆ.